ಒಂದು ಗುಂಟೆಗೆ ಎರಡೂವರೆ ಸೆಂಟ್ಸ್

ನಮ್ಮ ಪರಿಚಯದವರೊಬ್ಬರು ಶಿರೂರಿನ ಹತ್ತಿರ ಮನೆ ಕಟ್ಟುವುದಕ್ಕೆ ಜಾಗ ನೋಡುತ್ತಿದ್ದರು. ಕೊಳ್ಳುವವರು ಭಟ್ಕಳದವರು, ಮಾರುವವರು ಬೈಂದೂರಿನವರು. ನಾನು ಗಂಗೊಳ್ಳಿಯಿಂದ ಸುಮ್ಮನೆ ಜೊತೆಗೆ ಹೋದವನು. ಬಾವಿ ನೀರು ಮೇ ತಿಂಗಳಲ್ಲಿ ಉಪ್ಪಾಗುತ್ತದೋ ಇಲ್ಲವೋ, ದಾರಿಯಲ್ಲಿ ಲಾರಿ ಒಳಗೆ ಬರುತ್ತದೋ ಇಲ್ಲವೋ, ತೆಂಗಿನಮರ ಎಷ್ಟು, ಎಲ್ಲ ಮಾತೂ ಸಲೀಸಾಗಿ ಆಯಿತು. ಅಳತೆಯ ಮಾತಿಗೆ ಬಂದಾಗ ಗಾಡಿ ನಿಂತಿತು.

"ಹನ್ನೆರಡೂವರೆ ಸೆಂಟ್ಸ್ ಇತ್ತ್ ಕಾಣಿ" ಎಂದರು ಬೈಂದೂರಿನವರು.

"ಅಂದ್ರೆ ಎಷ್ಟು ಗುಂಟೆ?" ಎಂದರು ಭಟ್ಕಳದವರು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬ ಹುಡುಗ ಮೊಬೈಲ್ ತೆಗೆದು ಲೆಕ್ಕ ಹಾಕಿ ಐದು ಗುಂಟೆ ಎಂದ. ಭಟ್ಕಳದವರಿಗೆ ಸಮಾಧಾನವಾಗಲಿಲ್ಲ. ಹನ್ನೆರಡೂವರೆ ಎಂದು ಕೇಳಿದಾಗ ಕಣ್ಣ ಮುಂದೆ ಬಂದ ಜಾಗ, ಐದು ಎಂದೊಡನೆ ಕುಗ್ಗಿಹೋಗಿತ್ತು.

ಶಿರೂರಿನಿಂದ ಭಟ್ಕಳಕ್ಕೆ ಬಸ್ಸಿನಲ್ಲಿ ಕೂತು ಮೈ ಬಿಸಿಯಾಗುವುದರೊಳಗೆ ಇಳಿಯಬಹುದು. ಅದೇ ಸಮುದ್ರ, ಅದೇ ಬಂಗಡೆ, ಅದೇ ಕೆಂಪು ಕಲ್ಲು. ಕೊಂಕಣಿ, ನವಾಯತಿ, ಕನ್ನಡ ಮೂರೂ ಎರಡೂ ಕಡೆ ಕೇಳಿಸುತ್ತವೆ. ಭೂಮಿಯನ್ನು ಅಳೆಯುವ ಲೆಕ್ಕ ಮಾತ್ರ ಬೇರೆ. ಎಕರೆಗೆ ಇತ್ತ 100 ಸೆಂಟ್ಸ್, ಅತ್ತ 40 ಗುಂಟೆ. ಹೀಗೇಕೆ ಎಂದು ಕೇಳಿದರೆ ಎರಡೂ ಕಡೆಯವರು ಹೇಳುವುದು ಒಂದೇ ಉತ್ತರ: ನಮ್ಮಲ್ಲಿ ಮೊದಲಿನಿಂದಲೂ ಹಾಗೇ. ಈ 'ಮೊದಲು' ಎಂದರೆ ಯಾವಾಗ ಎಂದು ಹುಡುಕುತ್ತಾ ಹೋದರೆ, ಎರಡು ಮೂರು ವರ್ಷ ಮಾತ್ರ ಬದುಕಿದ್ದ ಒಂದು ಜಿಲ್ಲೆಯ ಹತ್ತಿರ ಹೋಗಿ ನಿಲ್ಲುತ್ತೇವೆ. ಅದು ಕುಂದಾಪುರ ಸೇರಿದ್ದ ಉತ್ತರ ಕನ್ನಡ ಜಿಲ್ಲೆ.

ಹೌದು, ನಮ್ಮ ಕುಂದಾಪುರ ತಾಲೂಕು ಒಂದು ಕಾಲದಲ್ಲಿ ಉತ್ತರ ಕನ್ನಡದಲ್ಲಿತ್ತು. ಹೇಳಿದರೆ ಊರಲ್ಲಿ ಯಾರೂ ನಂಬುವುದಿಲ್ಲ. ನಂಬದೆ ಇರುವುದೂ ಸರಿಯೇ, ಅಷ್ಟು ಬೇಗ ಮುಗಿದುಹೋದ ಸಂಗತಿ ಅದು.

ಸ್ವಲ್ಪ ಹಿಂದಿನಿಂದ ಬರಬೇಕು. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಬಿದ್ದ ಮೇಲೆ ಕರಾವಳಿ ಈಸ್ಟ್ ಇಂಡಿಯಾ ಕಂಪೆನಿಯ ಕೈಗೆ ಬಂತು. ಕಾಳಿ ನದಿಯ ಕಾರವಾರದಿಂದ ಕಾಸರಗೋಡು ದಾಟಿ ನೀಲೇಶ್ವರದವರೆಗಿನ ಉದ್ದನೆಯ ಪಟ್ಟಿ, ಜೊತೆಗೆ ಘಟ್ಟದ ಮೇಲಿನ ಸೋದೆ, ಬಿಳಗಿ, ಸೂಪಾ, ಎಲ್ಲ ಸೇರಿ ಒಂದೇ ಜಿಲ್ಲೆ: ಕೆನರಾ. ಮೊದಲ ಕಲೆಕ್ಟರ್ ಥಾಮಸ್ ಮನ್ರೊ. ಆ ಮನುಷ್ಯ ಇಲ್ಲಿ ಇದ್ದದ್ದು ವರ್ಷದ ಮೇಲೆ ಸ್ವಲ್ಪ. ಅಷ್ಟರಲ್ಲೇ ಮಳೆಗೂ ಕೆಲಸಕ್ಕೂ ಬೇಸತ್ತು ವರ್ಗಾವಣೆ ಬೇಡಿದ. ಘಟ್ಟದ ಮೇಲಿನಿಂದ ಬಂದು ಆಷಾಢದಲ್ಲಿ ಬಟ್ಟೆ ಒಣಗದೆ ಒದ್ದಾಡುವ ಈಗಿನ ಅಧಿಕಾರಿಗಳಿಗೆ ಮನ್ರೊ ಮೂಲಪುರುಷ ಎನ್ನಬಹುದು.

ಅವನು ಹೋದ ಮೇಲೆ ಒಬ್ಬನಿಂದ ಆಗುವ ಕೆಲಸವಲ್ಲ ಎಂದು ಜಿಲ್ಲೆಯನ್ನು ಎರಡು ಮಾಡಿದರು. ಉತ್ತರಕ್ಕೆ ಅಲೆಕ್ಸಾಂಡರ್ ರೀಡ್, ದಕ್ಷಿಣಕ್ಕೆ ರಾವೆನ್‌ಷಾ. 1801ರಲ್ಲಿ ಫ್ರಾನ್ಸಿಸ್ ಬುಕನನ್ ಇಲ್ಲಿ ಹಾದುಹೋದಾಗ ಇದ್ದದ್ದು ಈ ಎರಡು ಹೋಳುಗಳೇ. ಅವನ ಪುಸ್ತಕದಲ್ಲಿ ಇಬ್ಬರು ಸಾಹೇಬರ ಲೆಕ್ಕಗಳೂ ಬರುತ್ತವೆ. ಕೆಲವೇ ವರ್ಷಗಳಲ್ಲಿ ಎರಡೂ ಮತ್ತೆ ಒಂದಾದವು. ಜಿಲ್ಲೆ ಒಡೆಯುವುದು, ಕೂಡಿಸುವುದು, ಮತ್ತೆ ಒಡೆಯುವುದು ಅಷ್ಟು ಹಿಂದಿನ ಆಟ.

ಇನ್ನೊಂದು ಸಲ ಹೀಗೆ ಗೆರೆ ಎಳೆದಾಗ ರಕ್ತವೂ ಹರಿಯಿತು. 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಕಂಪೆನಿ, ಅಲ್ಲಿಯತನಕ ಕೊಡಗಿನ ಅರಸರ ಕೆಳಗಿದ್ದ ಪುತ್ತೂರು, ಸುಳ್ಯದ ಮಾಗಣೆಗಳನ್ನು ಕೆನರಾಕ್ಕೆ ಸೇರಿಸಿತು. ನಕಾಶೆಯ ಮೇಲೆ ಅದು ಸಣ್ಣ ಬದಲಾವಣೆ. ಆದರೆ ಬೆಳೆಯಲ್ಲಿ ಕಂದಾಯ ಕೊಡುತ್ತಿದ್ದ ರೈತ ಈಗ ನಗದು ಕೊಡಬೇಕಾಯಿತು. ನಗದು ಬೇಕಾದರೆ ಸಾಹುಕಾರನ ಮನೆ ಬಾಗಿಲಿಗೆ ಹೋಗಬೇಕು. 1837ರಲ್ಲಿ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಎದ್ದ ದಂಗೆ ಸುಳ್ಯದಿಂದ ಹೊರಟು ಮಂಗಳೂರನ್ನೇ ಹಿಡಿಯಿತು. ಹದಿಮೂರು ದಿನ ಮಂಗಳೂರಿನಲ್ಲಿ ಕಂಪೆನಿಯ ಬಾವುಟ ಇರಲಿಲ್ಲ ಎಂದು ಆ ಕಡೆಯವರು ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. ಬಾವುಟಗುಡ್ಡ ಎಂಬ ಹೆಸರನ್ನು ಅದರ ಸಾಕ್ಷಿಗೆ ತೋರಿಸುತ್ತಾರೆ. ಅಲ್ಪಾಯುಷಿ ಆಡಳಿತಗಳ ಪಟ್ಟಿ ಮಾಡಿದರೆ ಈ ಹದಿಮೂರು ದಿನಗಳ ಸರ್ಕಾರಕ್ಕೆ ಮೇಲಿನ ಸಾಲಿನಲ್ಲೇ ಜಾಗ ಕೊಡಬೇಕು.

ಈಗ ಕುಂದಾಪುರದ ಕಥೆ. 1859–60ರಲ್ಲಿ ಕೆನರಾವನ್ನು ಮತ್ತೆ ಉತ್ತರ, ದಕ್ಷಿಣ ಎಂದು ಹಂಚಿದರು. ಎರಡೂ ಮದ್ರಾಸ್ ಪ್ರಾಂತದ ಒಳಗೇ ಇದ್ದವು. ಈ ಹಂಚಿಕೆಯಲ್ಲಿ ಕುಂದಾಪುರ ಬಿದ್ದದ್ದು ಉತ್ತರಕ್ಕೆ. ಆಗ ನಮ್ಮ ಅಜ್ಜಂದಿರ ಅಜ್ಜಂದಿರಿಗೆ ಅದರಿಂದ ಬಿಸಿಯೂ ತಟ್ಟಿರಲಿಕ್ಕಿಲ್ಲ, ತಂಪೂ ತಟ್ಟಿರಲಿಕ್ಕಿಲ್ಲ. ತೀರ್ವೆ ಕಟ್ಟುವ ಕಚೇರಿ ಅದೇ, ಶ್ಯಾನುಭೋಗನೂ ಅವನೇ. ಗಂಗೊಳ್ಳಿ ಅಳಿವೆಯಿಂದ ಅಕ್ಕಿ ಹೇರಿಕೊಂಡು ಹೊರಡುವ ಮಂಜಿಗೆ ಕಲೆಕ್ಟರ್ ಯಾವ ದಿಕ್ಕಿನವನಾದರೇನು?

ಆದರೆ ಅದೇ ಹೊತ್ತಿಗೆ ಎರಡು ಸಮುದ್ರದಾಚೆ ಬೇರೇನೋ ನಡೆಯುತ್ತಿತ್ತು. ಇಂಗ್ಲೆಂಡಿನ ಲ್ಯಾಂಕಷೈರಿನ ಗಿರಣಿಗಳು ನೂಲುತ್ತಿದ್ದ ಹತ್ತಿಯಲ್ಲಿ ಬಹುಪಾಲು ಬರುತ್ತಿದ್ದದ್ದು ಅಮೆರಿಕದ ದಕ್ಷಿಣ ರಾಜ್ಯಗಳಿಂದ, ಗುಲಾಮರ ದುಡಿಮೆಯಿಂದ. 1861ರ ಏಪ್ರಿಲಿನಲ್ಲಿ ಅಲ್ಲಿ ಅಂತರ್ಯುದ್ಧ ಸುರುವಾಯಿತು, ಬಂದರುಗಳಿಗೆ ದಿಗ್ಬಂಧನ ಬಿತ್ತು. ಯುದ್ಧದ ವಾಸನೆ ಮೊದಲೇ ಹಿಡಿದಿದ್ದ ಮ್ಯಾಂಚೆಸ್ಟರಿನ ವ್ಯಾಪಾರಿಗಳು ಮ್ಯಾಂಚೆಸ್ಟರ್ ಕಾಟನ್ ಕಂಪೆನಿ ಎಂಬುದನ್ನು ಕಟ್ಟಿಕೊಂಡು, ಬೇರೆ ಎಲ್ಲಿ ಹತ್ತಿ ಸಿಗುತ್ತದೆ ಎಂದು ಹುಡುಕುತ್ತಿದ್ದರು. ಅವರ ಕಣ್ಣು ಬಿದ್ದದ್ದು ಧಾರವಾಡದ ಮೇಲೆ. ಅಲ್ಲಿ 1840ರ ದಶಕದಿಂದಲೇ ಅಮೆರಿಕದ ತಳಿಯ ಹತ್ತಿ ಬೆಳೆಯುತ್ತಿತ್ತು. ಬೆಳೆದದ್ದನ್ನು ಹೊರಗೆ ತರುವುದಕ್ಕೆ ಹತ್ತಿರದ ಒಳ್ಳೆಯ ಬಂದರು ಕಾರವಾರದ ಬಗಲಿನ ಸದಾಶಿವಗಡ.

ತೊಡಕು ಇದ್ದದ್ದು ಇಲ್ಲಿ. ಧಾರವಾಡ ಬೊಂಬಾಯಿ ಪ್ರಾಂತದಲ್ಲಿ, ಸದಾಶಿವಗಡ ಮದ್ರಾಸಿನಲ್ಲಿ. ಘಟ್ಟ ಇಳಿಯುವ ರಸ್ತೆಗೆ ಮೇಲಿನ ಅರ್ಧ ಒಂದು ಸರ್ಕಾರ ದುಡ್ಡು ಹಾಕಬೇಕು, ಕೆಳಗಿನ ಅರ್ಧ ಇನ್ನೊಂದು. ಬೊಂಬಾಯಿಯ ಹತ್ತಿ ಇಳಿಸಲು ನಾವೇಕೆ ರಸ್ತೆ ಕಡಿಯಬೇಕು ಎಂಬುದು ಮದ್ರಾಸಿನ ಧೋರಣೆ. ಎರಡು ಪಂಚಾಯತಿಗಳ ನಡುವಿನ ಮೋರಿ ಯಾರು ಕಟ್ಟಬೇಕು ಎಂಬ ಜಗಳ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ವ್ಯತ್ಯಾಸ ಒಂದೇ: ಮೋರಿ ಜಗಳದಲ್ಲಿ ಮ್ಯಾಂಚೆಸ್ಟರಿನ ಗಿರಣಿ ಮಾಲೀಕರು ತಲೆ ಹಾಕುವುದಿಲ್ಲ. ಇಲ್ಲಿ ಅವರು ಲಂಡನ್ನಿನಲ್ಲಿ ಗಟ್ಟಿಯಾಗಿ ಕೂತು ಒತ್ತಡ ಹಾಕಿದರು. ಮದ್ರಾಸ್ ಸರ್ಕಾರ ಬೇಡವೆಂದರೂ 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಎತ್ತಿ ಬೊಂಬಾಯಿ ಪ್ರಾಂತಕ್ಕೆ ಕೊಟ್ಟದ್ದಾಯಿತು.

ಇಡೀ ಜಿಲ್ಲೆಯನ್ನಲ್ಲ. ಕುಂದಾಪುರ ತಾಲೂಕನ್ನು ಅದರಿಂದ ಬಿಡಿಸಿ, ದಕ್ಷಿಣ ಕನ್ನಡಕ್ಕೆ ಸೇರಿಸಿ, ಮದ್ರಾಸಿನಲ್ಲೇ ಉಳಿಸಿದರು. ಅಲ್ಲಿಗೆ ಕುಂದಾಪುರದ ಉತ್ತರ ಕನ್ನಡದ ವಾಸ ಮುಗಿಯಿತು. ಪ್ರಾಂತದ ಗಡಿ ಕುಂದಾಪುರ ತಾಲೂಕಿನ ಬಡಗಣ ಅಂಚಿಗೆ, ಅಂದರೆ ಶಿರೂರಿಗೂ ಭಟ್ಕಳಕ್ಕೂ ನಡುವೆ ಬಂದು ಕೂತಿತು. 1956ರ ತನಕ, 94 ವರ್ಷ, ಅದು ಅಲ್ಲಿಂದ ಕದಲಲಿಲ್ಲ.

ಹತ್ತಿ ಏನಾಯಿತು ಎಂದು ಕೇಳುತ್ತೀರಿ. ಏನೂ ಆಗಲಿಲ್ಲ. ಮ್ಯಾಂಚೆಸ್ಟರ್ ಕಂಪೆನಿಯವರು ಹತ್ತಿ ಒತ್ತುವ ಯಂತ್ರಗಳನ್ನು ಸದಾಶಿವಗಡಕ್ಕೆ ತಂದಾಗ ಘಟ್ಟದ ರಸ್ತೆಯೇ ತಯಾರಿರಲಿಲ್ಲ. ಕೆಲವೇ ವರ್ಷದಲ್ಲಿ ಕಂಪೆನಿ ಬಾಗಿಲು ಹಾಕಿತು. 1865ರಲ್ಲಿ ಅಮೆರಿಕದ ಯುದ್ಧ ನಿಂತಿತು, ಹತ್ತಿಯ ಬೆಲೆ ಕುಸಿಯಿತು, ಬೊಂಬಾಯಿಯ ಷೇರುಪೇಟೆ ಮಣ್ಣು ಮುಕ್ಕಿತು. ಯಾವ ಕಾರಣಕ್ಕೆ ಗೆರೆ ಎಳೆದರೋ ಆ ಕಾರಣ ಮೂರು ವರ್ಷಕ್ಕೆ ಸತ್ತಿತ್ತು. ಗೆರೆಯನ್ನು ಅಳಿಸುವುದಕ್ಕೆ ಯಾರಿಗೂ ಪುರುಸೊತ್ತಾಗಲಿಲ್ಲ.

ಒಂದು ಲಾಭವಂತೂ ಆಯಿತು, ಅದನ್ನು ಹೇಳದೆ ಇರಬಾರದು. ಕಾರವಾರ ಬೊಂಬಾಯಿ ಪ್ರಾಂತದ ಜಿಲ್ಲಾ ಕೇಂದ್ರವಾದ್ದರಿಂದ ಬೊಂಬಾಯಿ ಸಿವಿಲ್ ಸರ್ವೀಸಿನ ಸತ್ಯೇಂದ್ರನಾಥ ಟಾಗೋರ್ ಅಲ್ಲಿಗೆ ನ್ಯಾಯಾಧೀಶರಾಗಿ ಬಂದರು. ಅಣ್ಣನ ಮನೆಗೆಂದು ಬಂದ ಇಪ್ಪತ್ತೆರಡರ ರವೀಂದ್ರನಾಥರು ಅಲ್ಲಿ ಕೂತು 'ಪ್ರಕೃತಿರ್ ಪ್ರತಿಶೋಧ್' ನಾಟಕ ಬರೆದರು. ಕಾರವಾರದ ಕಡಲತೀರಕ್ಕೆ ಟಾಗೋರರ ಹೆಸರು ಬಂದದ್ದರ ಹಿಂದೆ ಮ್ಯಾಂಚೆಸ್ಟರಿನ ಹತ್ತಿಯ ಎಳೆಯೊಂದಿದೆ.

ಇತ್ತ ಮದ್ರಾಸಿನಲ್ಲಿ ಉಳಿದ ನಮಗೆ ಏನು ಬಂತು? ಸೆಂಟ್ಸ್ ಬಂತು.

ಮೊದಲು ಇಲ್ಲಿ ಗದ್ದೆ ಅಳೆಯುತ್ತಿದ್ದದ್ದೇ ಬೇರೆ ರೀತಿ. ಇಷ್ಟು ಮುಡಿ ಬೀಜ ಬೀಳುವ ಗದ್ದೆ, ಇಷ್ಟು ಮುಡಿ ಗೇಣಿ ಬರುವ ಗದ್ದೆ, ಅಷ್ಟೇ. ಭೂಮಿಯ ಉದ್ದಗಲ ಯಾರಿಗೂ ಬೇಕಿರಲಿಲ್ಲ, ಅದು ಏನು ಕೊಡುತ್ತದೆ ಎಂಬುದು ಬೇಕಿತ್ತು. ಹತ್ತೊಂಬತ್ತನೇ ಶತಮಾನದ ಕೊನೆಗೆ ಸರ್ವೆ ಬಂತು. ಮದ್ರಾಸಿನ ಸರ್ವೆಯವರು ಎಕರೆಯನ್ನು ನೂರು ಪಾಲು ಮಾಡಿ ಒಂದೊಂದು ಪಾಲಿಗೆ ಸೆಂಟು ಎಂದರು, 435.6 ಚದರ ಅಡಿ. ಬೊಂಬಾಯಿಯ ಸರ್ವೆಯವರ ಸರಪಳಿ 33 ಅಡಿ ಉದ್ದದ್ದು. ಆ ಸರಪಳಿ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಎಳೆದರೆ ಒಂದು ಗುಂಟೆ, 1,089 ಚದರ ಅಡಿ. ಸೆಂಟು ಕಾಗದದ ಮೇಲೆ ಕೂಡಿಸುವುದಕ್ಕೆ ಸುಲಭ, ಗುಂಟೆ ನೆಲದ ಮೇಲೆ ನಿಂತು ನೋಡುವುದಕ್ಕೆ ಸುಲಭ. ನನ್ನನ್ನು ಕೇಳಿದರೆ ಗುಂಟೆಯೇ ಚಂದ. ನಮ್ಮೂರಲ್ಲಿ ಇದನ್ನು ಗಟ್ಟಿಯಾಗಿ ಹೇಳುವ ಧೈರ್ಯ ನನಗಿಲ್ಲ.

ಅಳತೆಯ ಹಿಂದೆಯೇ ಮಾತುಗಳೂ ಬೇರೆಯಾದವು. ನಮ್ಮ ತಾಲೂಕಿನ ದೊಡ್ಡವರು ತಹಸೀಲ್ದಾರರು, ಅವರದು ಮಾಮಲೇದಾರರು. ಅವರಲ್ಲಿ ತಲಾಟಿ ಎಂಬ ಹೆಸರು ಬಂತು, ನಮ್ಮಲ್ಲಿ ಶ್ಯಾನುಭೋಗ, ಪಟೇಲ, ಉಗ್ರಾಣಿ ಉಳಿದರು. ಹಕ್ಕುಗಳೂ ಬೇರೆ ದಾರಿ ಹಿಡಿದವು. ನಮ್ಮಲ್ಲಿ ಕುಮ್ಕಿ ಎಂದರೆ ಈಗಲೂ ಸಭೆ ಬಿಸಿಯಾಗುತ್ತದೆ. ಫಸಲಿ 1276ಕ್ಕೆ, ಅಂದರೆ 1866ಕ್ಕೆ ಮೊದಲಿನ ಕದೀಂ ವರ್ಗದ ಗದ್ದೆ ತೋಟದವರಿಗೆ, ಅದರ ಸುತ್ತ ನೂರು ಗಜದೊಳಗಿನ ಸರ್ಕಾರಿ ಜಾಗದಿಂದ ಸೊಪ್ಪು, ತರಗೆಲೆ, ಕಟ್ಟಿಗೆ ತರುವ ಸವಲತ್ತು ಅದು. ಗೆರೆಯ ಆಚೆ ಇದೇ ಸೊಪ್ಪಿನ ಗರಜು ಸೊಪ್ಪಿನಬೆಟ್ಟದ ಹೆಸರಿನಲ್ಲಿ, ಬೇರೆ ಕಾನೂನಿನಲ್ಲಿ ತೀರುತ್ತದೆ. ಅಡಿಕೆ ಮರಕ್ಕೆ ಹಾಕುವ ಸೊಪ್ಪು ಅದೇ, ಕಡಿಯುವ ಕತ್ತಿ ಅದೇ.

ತಮಾಷೆಯೆಂದರೆ ಕಾಗದದ ಮೇಲೆ ನಮ್ಮ ರಾಜಧಾನಿ ಮದ್ರಾಸಾದರೂ ಹೊಟ್ಟೆಪಾಡಿನ ರಾಜಧಾನಿ ಬೊಂಬಾಯಿಯೇ ಆಗಿತ್ತು. ಕುಂದಾಪುರ ಕಡೆಯ ಹುಡುಗರು ಲೋಟ ತೊಳೆಯುವುದಕ್ಕೂ ಆಮೇಲೆ ಗಲ್ಲದಲ್ಲಿ ಕೂರುವುದಕ್ಕೂ ಹೋದದ್ದು ಬೊಂಬಾಯಿಗೆ. ಮದ್ರಾಸಿಗೆ ಹೋದವರು ಕೋರ್ಟಿನ ಅಪೀಲಿನವರು, ಕಾಲೇಜಿನವರು, ಒಂದಿಷ್ಟು ರಾಜಕೀಯದವರು. ಕೋಟದ ಕೆ. ಆರ್. ಕಾರಂತರು 1946ರ ಪ್ರಕಾಶಂ ಮಂತ್ರಿಮಂಡಲದಲ್ಲಿ ಮಂತ್ರಿಯಾಗಿದ್ದರು, ಆಮೇಲೆ ಎ. ಬಿ. ಶೆಟ್ಟರು. ತಮಿಳು, ತೆಲುಗು, ಮಲೆಯಾಳಗಳ ದೊಡ್ಡ ಸಂತೆಯಲ್ಲಿ ನಮ್ಮವರದು ಒಂದು ಮೂಲೆಯ ಅಂಗಡಿ.

ಆ ಸಂತೆ ಕದಡಿದ್ದು 1953ರ ಅಕ್ಟೋಬರ್ 1ರಂದು, ಆಂಧ್ರ ಬೇರೆಯಾದಾಗ. ಬಳ್ಳಾರಿ ಅಂದೇ ಮೈಸೂರಿಗೆ ಬಂತು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಉಳಿದ ಮದ್ರಾಸ್ ರಾಜ್ಯದಲ್ಲಿ ದಕ್ಷಿಣ ಕನ್ನಡ ಇನ್ನೂ ಮೂರು ವರ್ಷ ಕಾಯಿತು, ಎಲ್ಲರೂ ಇಳಿದು ಹೋದ ಬಸ್ಸಿನ ಹಿಂದಿನ ಸೀಟಿನವನ ಹಾಗೆ.

ಆ ಮೂರು ವರ್ಷಗಳ ಬಗ್ಗೆ ಯೋಚಿಸುವಾಗ ನನಗೆ ರಷ್ಯ ನೆನಪಾಗುತ್ತದೆ. ಕಾರಣ ಬಾಲಿಶ. ನಾವು ಶಾಲೆಗೆ ಹೋಗುವಾಗ 'ಸೋವಿಯತ್ ಲ್ಯಾಂಡ್' ಪತ್ರಿಕೆಯ ನಯವಾದ ಹಾಳೆಗಳನ್ನು ಪುಸ್ತಕಕ್ಕೆ ಬೈಂಡು ಹಾಕುತ್ತಿದ್ದೆವು. ನನ್ನ ಸಮಾಜ ಪಾಠದ ಪುಸ್ತಕದ ಮೇಲೆ ಒಂದು ನಕಾಶೆ ಇತ್ತು. ಪಾಠ ಬೇಸರವಾದಾಗಲೆಲ್ಲ ಅದರ ಗೆರೆಗಳನ್ನು ಪೆನ್ಸಿಲಿನಲ್ಲಿ ತಿದ್ದುತ್ತಿದ್ದೆ. ಬಹಳ ವರ್ಷಗಳ ಮೇಲೆ ತಿಳಿಯಿತು, ಮಾಸ್ಕೋದಲ್ಲೂ ಅದನ್ನೇ ಮಾಡುತ್ತಿದ್ದರು ಎಂದು.

1954ರ ಜನವರಿಯಲ್ಲಿ, ಸ್ಟಾಲಿನ್ ತೀರಿಕೊಂಡು ವರ್ಷವೂ ಆಗುವ ಮೊದಲು, ರಷ್ಯದಲ್ಲಿ ಒಟ್ಟಿಗೆ ಐದು ಹೊಸ ಒಬ್ಲಾಸ್ತ್‌ಗಳು ಹುಟ್ಟಿದವು. ಒಬ್ಲಾಸ್ತ್ ಎಂದರೆ ನಮ್ಮ ಜಿಲ್ಲೆಗಿಂತ ದೊಡ್ಡದು, ರಾಜ್ಯಕ್ಕಿಂತ ಬಡವ. ಅರ್ಜಮಾಸ್, ಬಲಶೋವ್, ಕಾಮೆನ್ಸ್ಕ್, ಬೆಲ್ಗೊರೊದ್, ಲಿಪೆತ್ಸ್ಕ್. ಅಕ್ಕಪಕ್ಕದ ದೊಡ್ಡ ಒಬ್ಲಾಸ್ತ್‌ಗಳಿಂದ ತುಂಡು ತುಂಡು ತೆಗೆದು ಕೂಡಿಸಿದ್ದು. ಆಡಳಿತ ಜನರ ಹತ್ತಿರಕ್ಕೆ ಬರಬೇಕು, ಒಕ್ಕಲುತನ ಸುಧಾರಿಸಬೇಕು ಎಂಬ ಮಾತುಗಳಿದ್ದವು. ಜಿಲ್ಲೆ ಒಡೆಯುವಾಗ ನಮ್ಮಲ್ಲೂ ಇದೇ ಮಾತುಗಳು, ಬಹುಶಃ ಎಲ್ಲ ಭಾಷೆಗಳಲ್ಲೂ. ಮೂರೇ ವರ್ಷದಲ್ಲಿ ಕ್ರುಶ್ಚೇವ್‌ಗೆ ಇನ್ನೊಂದು ಯೋಜನೆ ಹೊಳೆಯಿತು. ಉದ್ಯಮಗಳನ್ನು ಮಾಸ್ಕೋದ ಮಂತ್ರಾಲಯಗಳಿಂದ ತೆಗೆದು ಪ್ರದೇಶವಾರು ಆರ್ಥಿಕ ಮಂಡಳಿಗಳಿಗೆ ಒಪ್ಪಿಸುವ ಯೋಜನೆ. ಸಣ್ಣ ಒಬ್ಲಾಸ್ತ್‌ಗಳಿಗೆ ಇನ್ನು ಜಾಗವಿರಲಿಲ್ಲ. 1957ರ ಏಪ್ರಿಲಿನಲ್ಲಿ ಅರ್ಜಮಾಸ್ ಹೋಯಿತು, ನವೆಂಬರಿನಲ್ಲಿ ಬಲಶೋವ್, ಕಾಮೆನ್ಸ್ಕ್ ಹೋದವು. ಬೆಲ್ಗೊರೊದ್, ಲಿಪೆತ್ಸ್ಕ್ ಇವತ್ತಿಗೂ ಇವೆ. ಒಂದೇ ತಿಂಗಳಲ್ಲಿ ಹುಟ್ಟಿದ ಐದರಲ್ಲಿ ಮೂರು ಮಗುವಾಗಿದ್ದಾಗಲೇ ಹೋದವು, ಎರಡು ಎಪ್ಪತ್ತು ದಾಟಿವೆ. ಬಲಶೋವ್‌ನಲ್ಲಿ ಹೊಸ ಕಚೇರಿ, ಹೊಸ ಮೊಹರು, ಹೊಸ ಪತ್ರಿಕೆ ಎಂದು ಓಡಾಡಿದ ಗುಮಾಸ್ತರು ಮೂರೂ ಮುಕ್ಕಾಲು ವರ್ಷದ ಮೇಲೆ ಅದೇ ಮೊಹರನ್ನು ಪೆಟ್ಟಿಗೆಗೆ ಹಾಕಿ ಸರಾತೊವ್‌ಗೆ ಕಳಿಸಿರಬೇಕು.

ಅರ್ಜಮಾಸ್‌ನ ಹೆಸರಿಗೆ ಮಾತ್ರ ವಿಚಿತ್ರವಾದ ಮರುಜನ್ಮ ಸಿಕ್ಕಿತು. ಅಲ್ಲಿಂದ ಸ್ವಲ್ಪ ದೂರದ ಸರೋವ್ ಎಂಬ ಊರಿನಲ್ಲಿ ಸೋವಿಯತ್ತಿನ ಅಣುಬಾಂಬು ತಯಾರಾಗುತ್ತಿತ್ತು. ಊರನ್ನು ನಕಾಶೆಯಿಂದ ಅಳಿಸಿ, ಅಂಚೆಗೆ ಮಾತ್ರ ಅರ್ಜಮಾಸ್-16 ಎಂಬ ಹೆಸರು ಕೊಟ್ಟಿದ್ದರು. ಇರುವ ಊರಿಗೆ ಹೆಸರಿಲ್ಲ, ಹೆಸರಿನ ಒಬ್ಲಾಸ್ತ್ ಇಲ್ಲ.

ಅದೇ ವರ್ಷಗಳಲ್ಲಿ ನಮ್ಮಲ್ಲಿ ಬಲಶೋವ್‌ಗೆ ಸಮನಾದದ್ದು ಕೊಡಗು. ಸ್ವಾತಂತ್ರ್ಯ ಬಂದಾಗ ಅದು ಚೀಫ್ ಕಮಿಷನರನ ಪ್ರಾಂತ. 1950ರ ಜನವರಿ 26ರಂದು 'ಸಿ' ವರ್ಗದ ರಾಜ್ಯವಾಯಿತು. ರಾಜ್ಯ ಎಂದರೆ ಎಷ್ಟು? ಸುಮಾರು 1,600 ಚದರ ಮೈಲಿ, 1951ರ ಗಣತಿಯಲ್ಲಿ 2.3 ಲಕ್ಷದಷ್ಟು ಜನ. 2011ರಲ್ಲಿ ನಮ್ಮ ಉಡುಪಿ ಜಿಲ್ಲೆಯ ಜನಸಂಖ್ಯೆ 11.77 ಲಕ್ಷ ಇತ್ತು ಎಂದು ನೆನೆದುಕೊಂಡರೆ ಆ ರಾಜ್ಯದ ಗಾತ್ರ ತಿಳಿಯುತ್ತದೆ. 1952ರಲ್ಲಿ ಅಲ್ಲಿ ವಿಧಾನಸಭೆಗೆ ಚುನಾವಣೆ ನಡೆಯಿತು, 24 ಸ್ಥಾನ. ಕಾಂಗ್ರೆಸ್ಸಿಗೆ 15, ಉಳಿದ 9 ಪಕ್ಷೇತರರಿಗೆ. ಈ ಒಂಬತ್ತು ಜನರದು ತಕ್ಕಡಿ ಪಕ್ಷವೆಂದೇ ಪ್ರಸಿದ್ಧಿ; ಚುನಾವಣೆಯ ಗುರುತು ತಕ್ಕಡಿ, ನಾಯಕರು ಗಾಂಧಿವಾದಿ ಪಂದ್ಯಂಡ ಬೆಳ್ಯಪ್ಪನವರು. ಕೊಡಗು ಮೈಸೂರಿನಲ್ಲಿ ಕರಗಬಾರದು ಎಂಬುದು ಅವರ ಪಟ್ಟು. ಸಿ. ಎಂ. ಪೂಣಚ್ಚ ಮುಖ್ಯಮಂತ್ರಿಯಾದರು. ಮಂತ್ರಿಮಂಡಲದಲ್ಲಿ ಅವರನ್ನು ಸೇರಿಸಿ ಇದ್ದದ್ದು ಇಬ್ಬರು.

ಇಬ್ಬರ ಮಂತ್ರಿಮಂಡಲವನ್ನು ನೆನೆದು ನಗುವವರಿದ್ದಾರೆ. ನನಗೆ ಅಷ್ಟು ನಗು ಬರುವುದಿಲ್ಲ. ಮಡಿಕೇರಿಯ ಮನುಷ್ಯನೊಬ್ಬ ಬೆಳಿಗ್ಗೆ ಕಾಫಿ ಕುಡಿದು ಹೊರಟು ತನ್ನ ಮುಖ್ಯಮಂತ್ರಿಯನ್ನು ಕಂಡು ಊಟಕ್ಕೆ ಮನೆಗೆ ಬರಬಹುದಾಗಿದ್ದ ನಾಲ್ಕೂವರೆ ವರ್ಷಗಳು ಅವು. ಆದರೆ ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಅವರ ರಾಜ್ಯ ಪುನರ್ವಿಂಗಡಣಾ ಆಯೋಗ 1955ರ ಸೆಪ್ಟೆಂಬರಿನಲ್ಲಿ ಕೊಟ್ಟ ವರದಿಯಲ್ಲಿ ಇಂಥ ಪುಟ್ಟ ರಾಜ್ಯಗಳಿಗೆ ಉಳಿಗಾಲ ಇರಲಿಲ್ಲ. 1956ರ ಅಕ್ಟೋಬರ್ 31ರ ರಾತ್ರಿ ಕೊಡಗು ರಾಜ್ಯ ಮಲಗಿತು, ಬೆಳಿಗ್ಗೆ ಎದ್ದದ್ದು ಕೊಡಗು ಜಿಲ್ಲೆ. ಮುಖ್ಯಮಂತ್ರಿಯನ್ನು ನೋಡಬೇಕಾದರೆ ಇನ್ನು ಬೆಂಗಳೂರಿಗೆ ಹೋಗಬೇಕು. ತಕ್ಕಡಿಯವರ ಪಟ್ಟಿನಲ್ಲಿ ಅರ್ಥವೇ ಇರಲಿಲ್ಲ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಅದೇ ರಾತ್ರಿ ನಮ್ಮ ಜಿಲ್ಲೆಯೂ ಸಣ್ಣದಾಯಿತು. ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಬಡಗಣ ಭಾಗವನ್ನು ಮೈಸೂರಿಗೆ ಕೊಡಬೇಕೆಂದು 1967ರಲ್ಲಿ ಮಹಾಜನ್ ಆಯೋಗ ಹೇಳಿದ್ದು ಈಗಲೂ ಕಾಗದದಲ್ಲೇ ಇದೆ. ಆ ನೋವನ್ನು ಬರೆದವರು ಬಹಳ ಜನ. ಆದರೆ ಅದೇ ದಿನ ಇನ್ನೊಂದು ತುಂಡು ಹೋದದ್ದನ್ನು ಯಾರೂ ನೆನಪಿಸಿಕೊಳ್ಳುವುದಿಲ್ಲ. ಲಕ್ಷದ್ವೀಪದ ಬಡಗಣ ದ್ವೀಪಗಳಾದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ, ಒಟ್ಟಾಗಿ ಅಮಿನ್‌ದಿವಿ, ಅಲ್ಲಿಯತನಕ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. ಹದಿನೆಂಟನೇ ಶತಮಾನದ ಕೊನೆಯಲ್ಲಿ ಟಿಪ್ಪುವಿನ ಕೈಗೆ ಬಂದು, 1799ರಲ್ಲಿ ಕೆನರಾದ ಜೊತೆಗೇ ಕಂಪೆನಿಗೆ ಸೇರಿದ ದ್ವೀಪಗಳು. ಮಂಗಳೂರಿನ ಕಲೆಕ್ಟರನ ಪರವಾಗಿ ಅಲ್ಲಿ ಮೊನೆಗಾರ ಎಂಬ ಅಧಿಕಾರಿ ಇರುತ್ತಿದ್ದ. ದ್ವೀಪದವರ ತೆಂಗಿನ ನಾರನ್ನು ಸರ್ಕಾರವೇ ಕೊಂಡು ಬದಲಿಗೆ ಅಕ್ಕಿ ಕೊಡುತ್ತಿತ್ತು. ನಾರಿನ ಬೆಲೆ ಸರ್ಕಾರದ್ದು, ಅಕ್ಕಿಯ ಬೆಲೆಯೂ ಸರ್ಕಾರದ್ದೇ. ಹೀಗೆ ವ್ಯಾಪಾರ ಮಾಡಿದರೆ ಯಾರಿಗೆ ಲಾಭ ಎಂದು ಗಂಗೊಳ್ಳಿಯ ಮೀನುಗಾರರನ್ನು ಕೇಳಬೇಕಾಗಿಲ್ಲ. 1956ರ ನವೆಂಬರ್ 1ರಿಂದ ಅವು ಕೇಂದ್ರಾಡಳಿತ ಪ್ರದೇಶ. ಲಕ್ಷದ್ವೀಪ ಎಂಬ ಹೆಸರು 1973ರಲ್ಲಿ ಬಂತು. ನಮ್ಮ ಜಿಲ್ಲೆಗೆ ಒಂದು ಕಾಲದಲ್ಲಿ ಹವಳದ ದ್ವೀಪಗಳಿದ್ದವು ಎಂದರೆ ಈಗಿನ ಮಕ್ಕಳು ಮೊಬೈಲಿನಲ್ಲಿ ಹುಡುಕುತ್ತಾರೆ.

ನವೆಂಬರ್ 1ಕ್ಕೆ ಶಿರೂರಿನ ಗೆರೆಯೂ ಅಳಿಸಿತು. ಬೊಂಬಾಯಿಯಿಂದ ಉತ್ತರ ಕನ್ನಡ ಬಂತು, ಮದ್ರಾಸಿನಿಂದ ನಾವು ಬಂದೆವು. 94 ವರ್ಷಗಳ ಮೇಲೆ ಭಟ್ಕಳ, ಬೈಂದೂರು ಒಂದೇ ಸರ್ಕಾರದ ಕೆಳಗೆ. ಅಳಿಸಿದ್ದು ನಕಾಶೆಯ ಮೇಲೆ, ಅಷ್ಟೇ. ಪುನರ್ವಿಂಗಡಣೆಯ ಕಾನೂನಿನಲ್ಲೇ ಒಂದು ಮಾತಿತ್ತು: ಬೇರೆ ಕಾನೂನು ಮಾಡುವವರೆಗೆ ಆಯಾ ಪ್ರದೇಶಕ್ಕೆ ಹಳೆಯ ಕಾನೂನೇ. ಆ 'ಮಾಡುವವರೆಗೆ' ಎಂಬುದು ಎಷ್ಟು ಎಳೆಯಿತು ಎಂದರೆ, 1951ರ ಮದ್ರಾಸ್ ಧಾರ್ಮಿಕ ದತ್ತಿ ಕಾಯ್ದೆ ನಮ್ಮ ಜಿಲ್ಲೆಯ ದೇವಸ್ಥಾನಗಳಿಗೆ 2003ರ ತನಕ ನಡೆಯಿತು. ಮದ್ರಾಸ್ ಎಂಬ ರಾಜ್ಯವೇ ಹೆಸರು ಬದಲಿಸಿ ತಮಿಳುನಾಡಾಗಿ, ಮದ್ರಾಸ್ ಎಂಬ ನಗರ ಚೆನ್ನೈ ಆದ ಮೇಲೂ ಕೊಲ್ಲೂರಿನ ಮೂಕಾಂಬಿಕೆಯ ಹುಂಡಿಗೆ ಮದ್ರಾಸಿನ ಕಾನೂನು. ಆಸ್ತಿ ಪಾಲಿನ ಪತ್ರಗಳಲ್ಲಿ ಕವರು, ಅಳಿಯಕಟ್ಟು ಎಂಬ ಮಾತುಗಳು ಬಂದಾಗ ವಕೀಲರು ಇವತ್ತಿಗೂ 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯನ್ನು ಕಪಾಟಿನಿಂದ ಇಳಿಸುತ್ತಾರೆ.

ಆಮೇಲೆ ನಾವೇ ಗೆರೆ ಎಳೆಯತೊಡಗಿದೆವು. 1997ರ ಆಗಸ್ಟಿನಲ್ಲಿ ಉಡುಪಿ, ಕುಂದಾಪುರ, ಕಾರ್ಕಳ ಸೇರಿ ಉಡುಪಿ ಜಿಲ್ಲೆಯಾಯಿತು. ತಾಲೂಕುಗಳ ಬೇಡಿಕೆ ಅದಕ್ಕೂ ಹಳೆಯದು. ವಾಸುದೇವ ರಾವ್, ಹುಂಡೇಕರ್, ಗದ್ದಿಗೌಡರ, ಎಂ. ಬಿ. ಪ್ರಕಾಶ್ ಎಂದು ಸಮಿತಿಯ ಮೇಲೆ ಸಮಿತಿ. 2013ರ ಬಜೆಟ್ಟಿನಲ್ಲಿ 43 ಹೊಸ ತಾಲೂಕುಗಳ ಘೋಷಣೆ ಆಯಿತು, ಪಟ್ಟಿಯಲ್ಲಿ ಬೈಂದೂರೂ ಇತ್ತು, ಬ್ರಹ್ಮಾವರವೂ ಇತ್ತು. ಪಟಾಕಿ ಹೊಡೆದದ್ದೂ ಆಯಿತು. ಆದರೆ ಕಚೇರಿ ಬರಲಿಲ್ಲ. 2017ರ ಬಜೆಟ್ಟಿನಲ್ಲಿ ಮತ್ತೊಮ್ಮೆ ಘೋಷಿಸಿ 2018ರಲ್ಲಿ ನಿಜವಾಯಿತು. ನಡುವಿನ ಐದು ವರ್ಷ ಬೈಂದೂರು ತಾಲೂಕು ಹುಟ್ಟದೆಯೇ ಬದುಕಿದ್ದ ತಾಲೂಕು. ಬಲಶೋವ್‌ಗೆ ಇದ್ದ ಅದೃಷ್ಟವೂ ಇಲ್ಲ.

ಗಂಗೊಳ್ಳಿಯಲ್ಲಿ ಕೂತು ಇದನ್ನೆಲ್ಲ ನೋಡುವುದು ಒಂದು ಮಜ. ಬಂದರಿನ ದಕ್ಕೆಯಲ್ಲಿ ನಿಂತರೆ ಎದುರಿಗೆ, ಪಂಚಗಂಗಾವಳಿಯ ಆಚೆ ದಡದಲ್ಲಿ, ಕುಂದಾಪುರ ಕಾಣುತ್ತದೆ. ಅಲ್ಲಿಯ ಲೈಟುಗಳನ್ನು ಎಣಿಸಬಹುದು. ರಸ್ತೆಯಲ್ಲಿ ಹೋಗಬೇಕಾದರೆ ತ್ರಾಸಿ, ಹೆಮ್ಮಾಡಿ, ತಲ್ಲೂರು ಸುತ್ತಿ ಹದಿನೈದು ಕಿಲೋಮೀಟರಿಗೂ ಹೆಚ್ಚು. ಸೇತುವೆಯ ಬೇಡಿಕೆ ನನ್ನ ಪ್ರಾಯಕ್ಕಿಂತ ಹಳೆಯದು. ಈಚೆ ದಡದ ನಾವು ಬೈಂದೂರು ಶಾಸಕರಿಗೆ ಮತ ಹಾಕುತ್ತೇವೆ. ಬೈಂದೂರು ಕ್ಷೇತ್ರ 2009ರ ಚುನಾವಣೆಯಿಂದ ಶಿವಮೊಗ್ಗ ಲೋಕಸಭೆಗೆ ಸೇರಿದೆ. ಆಚೆ ದಡದವರು ಉಡುಪಿ–ಚಿಕ್ಕಮಗಳೂರಿಗೆ. ಅಂದರೆ ನಮ್ಮ ಸಂಸದರ ಊರು ಘಟ್ಟದ ಮೇಲೆ, ನಮ್ಮ ಜಿಲ್ಲಾಧಿಕಾರಿಯ ಕಚೇರಿ ಮಣಿಪಾಲದಲ್ಲಿ, ನಮ್ಮ ಮೀನಿನ ಲಾರಿ ಕೇರಳಕ್ಕೆ. ಬಲೆ ಹೆಣೆಯುತ್ತಿದ್ದ ಖಾರ್ವಿ ಹಿರಿಯರೊಬ್ಬರಿಗೆ ಇದನ್ನು ಬಿಡಿಸಿ ಹೇಳಿದೆ. ಅವರು ತಲೆ ಎತ್ತದೆ, "ಹ್ವಾಯ್, ಬೋಟಿಗೆ ಡೀಸೆಲ್ ಸಬ್ಸಿಡಿ ಯಾರತ್ರ ಕೇಂಬುದ್, ಅದ್ ಒಂದ್ ಹೇಳಿ ಕಾಂಬ" ಎಂದರು.

ಶಿರೂರಿನ ಜಾಗದ ಮಾತು ಅಲ್ಲಿಗೇ ಬಿಟ್ಟಿದ್ದೆ. ಪಹಣಿ ತೆಗೆಸಿ ನೋಡಿದಾಗಲೂ ವಿಸ್ತೀರ್ಣ ಸೆಂಟ್ಸಿನಲ್ಲೇ ಇತ್ತು. ಊರ ಶ್ಯಾನುಭೋಗರ ಕೈಬರಹ ಹೋಗಿ 'ಭೂಮಿ' ತಂತ್ರಾಂಶ ಬಂದ ಮೇಲೂ ಕಂಪ್ಯೂಟರು ಉಡುಪಿ ಜಿಲ್ಲೆಯ ಮಟ್ಟಿಗೆ ಮದ್ರಾಸಿನ ಲೆಕ್ಕವನ್ನೇ ಬರೆಯುತ್ತದೆ. ಭಟ್ಕಳದವರು ಆ ಕಾಗದವನ್ನು ಮಡಿಸಿ ಕಿಸೆಗೆ ಹಾಕಿ ಏನೂ ಮಾತಾಡದೆ ಜಾಗದ ಮೂಲೆಗೆ ಹೋದರು. ಅಲ್ಲಿಂದ ದೊಡ್ಡ ದೊಡ್ಡ ಹೆಜ್ಜೆ ಹಾಕುತ್ತಾ ಹನ್ನೊಂದು ಎಣಿಸಿ ನಿಂತರು. ತಿರುಗಿ ಅಡ್ಡಕ್ಕೆ ಮತ್ತೆ ಹನ್ನೊಂದು. ಮೂರು ಅಡಿಯ ಹೆಜ್ಜೆಯಾದರೆ ಸರಿಯಾಗಿ 33 ಅಡಿ. ಹತ್ತಿರ ಬಿದ್ದಿದ್ದ ಒಂದು ಕೆಂಪು ಕಲ್ಲನ್ನು ಕಾಲಿನಿಂದ ತಳ್ಳಿ ಆ ಮೂಲೆಯಲ್ಲಿ ನಿಲ್ಲಿಸಿ, "ಇದು ಒಂದು" ಎಂದರು. ಹೀಗೆ ಐದು ಸಲ ನಡೆದು, ಐದನೆಯ ಕಲ್ಲು ಬೇಲಿಯ ಬುಡಕ್ಕೆ ಬಂದಾಗ ಅವರ ಮುಖದಲ್ಲಿ ನಗೆ ಕಂಡಿತು.

"ಹನ್ನೆರಡೂವರೆ ಸರಿ ಇತ್ತಲ್ದಾ?" ಎಂದು ಕೇಳಿದರು ಬೈಂದೂರಿನವರು.

"ಐದು ಸರಿ ಉಂಟು" ಎಂದರು ಭಟ್ಕಳದವರು.